ನೋಡಲಿಕ್ಕೆಂದೇ ಕಟ್ಟಿದ ಪೆಟ್ಟಿಗೆ

ಅಮೆರಿಕದಲ್ಲಿ ಎಲೆ ಕೆಂಪಾಗುವ ಕಾಲಕ್ಕೆ ಶುರುವಾಗಿ ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್‌ವರೆಗೆ ಮನೆಯಿಂದ ಮನೆಗೆ ಓಡಾಡುವ ಕುಕಿ ಪೆಟ್ಟಿಗೆಗೆ ಇರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ದೀಪಾವಳಿಯೂ ಆ ವಾರಗಳಲ್ಲೇ ಬರುವುದರಿಂದ ಅಲ್ಲಿನ ಕನ್ನಡದ ಮನೆಗಳಿಗೂ ಇದರ ಪರಿಚಯ ಚೆನ್ನಾಗಿಯೇ ಇದೆ. ಪಕ್ಕದ ಮನೆಗೆ ಮೈಸೂರುಪಾಕು ಹೋದರೆ ಅಲ್ಲಿಂದ ಈ ಪೆಟ್ಟಿಗೆ ಬರುವುದುಂಟು. ಒಳಗಿನ ಸರಕು ಹೆಚ್ಚುಕಡಿಮೆ ನಿಗದಿಯಾದದ್ದು: ಮೇಪಲ್ ಎಲೆ, ಓಕ್ ಎಲೆ, ಕುಂಬಳಕಾಯಿ ಆಕಾರದಲ್ಲಿ ಕತ್ತರಿಸಿ ಐಸಿಂಗ್ ಬಳಿದ ಸಕ್ಕರೆ ಕುಕಿ, ಕುಂಬಳದ ತಿರುಳು ಹಾಕಿದ ಮೆತ್ತನೆಯದು, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದ ಸ್ನಿಕರ್‌ಡೂಡಲ್, ಮತ್ತು ಬಣ್ಣವಿಲ್ಲದ ಒಂದೇ ಕಾರಣಕ್ಕೆ ಮೂಲೆ ಸೇರಿದ ಕಾಕಂಬಿ-ಶುಂಠಿಯ ಕಂದು ಕುಕಿ. ಇವುಗಳಲ್ಲಿ ಇನ್ನೊಬ್ಬರಿಗೆ ಕೊಡಲು ತಕ್ಕದ್ದು ಮೂಲೆಯಲ್ಲಿರುವ ಆ ಒಂದೇ ಎಂಬುದು ನನ್ನ ಅಭಿಪ್ರಾಯ. ಹೊಗಳಿಕೆಯೆಲ್ಲ ಸಲ್ಲುತ್ತಿರುವುದು ಮಾತ್ರ ಎಲೆಗೆ.

ಆ ಎಲೆಯನ್ನೇ ನೋಡೋಣ. ತಿನ್ನಬಹುದಾದ ಚಿತ್ರಕಲೆ ಎಂದು ಅದರ ಅಭಿಮಾನಿಗಳು ಹೇಳುತ್ತಾರೆ. ಚಿತ್ರವೇನೋ ಹೌದು. ಅದಕ್ಕಾಗಿ ಕುಕಿ ಏನೇನು ತೆತ್ತಿದೆ ಎಂದು ಯಾರೂ ಕೇಳಿದಂತಿಲ್ಲ.

ಮೊದಲನೆಯದು ಅಂಚು. ಅಚ್ಚಿನಿಂದ ಕತ್ತರಿಸಿದ ಅಂಚು ಬೆಂದ ಮೇಲೂ ಹಾಗೆಯೇ ನಿಲ್ಲಬೇಕಾದರೆ ಹಿಟ್ಟು ಓವನ್‌ನಲ್ಲಿ ಹರಡಬಾರದು. ಹರಡಿಸುವವು ಬೆಣ್ಣೆ, ಸಕ್ಕರೆ, ಸೋಡಾ. ಕುಕಿಗೆ ರುಚಿ, ಕಂದುಬಣ್ಣ, ಬಿರುಕುಬಿಟ್ಟ ಮೈ ಕೊಡುವವೂ ಇವೇ. ಆದ್ದರಿಂದ ಎಲೆ ಮಾಡುವವರು ಸೋಡಾವನ್ನು ಕೈಬಿಡುತ್ತಾರೆ, ಬೇಕಿಂಗ್ ಪೌಡರನ್ನು ಚಿಟಿಕೆಗೆ ಇಳಿಸುತ್ತಾರೆ, ಮೈದಾ ಏರಿಸುತ್ತಾರೆ, ಆರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿದ್ದನ್ನು ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿಯೇ ಓವನ್‌ಗೆ ಕಳಿಸುತ್ತಾರೆ. ಹೊರಬರುವುದು ಚೊಕ್ಕ ಅಂಚಿನ ಒಂದು ಬಿಲ್ಲೆ. ಅಷ್ಟೇ.

ಎರಡನೆಯದು ಆಕಾರ. ಇದನ್ನು ಯಾರೂ ಎತ್ತಿ ಆಡದಿರುವುದು ನನಗೆ ಆಶ್ಚರ್ಯ. ಮೇಪಲ್ ಎಲೆಗೆ ಮೊನಚಾದ ತುದಿಗಳು, ಕೆಳಗೊಂದು ಸಣಕಲು ತೊಟ್ಟು, ನಡುವೆ ಅಗಲವಾದ ಮೈ. 175 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ತೊಟ್ಟು ಕಂದಾಗುವ ಹೊತ್ತಿಗೆ ನಡುಮೈ ಇನ್ನೂ ಬಿಳಿಚಿಕೊಂಡಿರುತ್ತದೆ. ನಡುಮೈ ಹದವಾಗುವವರೆಗೆ ಕಾದರೆ ತೊಟ್ಟು ಸೀದು ಕಹಿಯಾಗುತ್ತದೆ. ಬೇಯಿಸುವವರು ಸಹಜವಾಗಿಯೇ ತೊಟ್ಟಿನ ಪರ ನಿಲ್ಲುತ್ತಾರೆ, ತುದಿಗೆ ಬಣ್ಣ ಬರುತ್ತಿದ್ದಂತೆ ತಟ್ಟೆ ಹೊರಗೆಳೆಯುತ್ತಾರೆ. ಬೆಣ್ಣೆ-ಸಕ್ಕರೆ-ಮೈದಾ ಬೆಂದು ಕಂದಾಗುವಾಗ ಹುಟ್ಟುವ ಹುರಿದ ಘಮವೇ ಇಂಥ ಸರಳ ಕುಕಿಯ ಏಕೈಕ ಆಸ್ತಿ. ಎಲೆಯ ಆಕಾರ ಅದನ್ನು ಕೈಗೆ ಬರುವ ಮೊದಲೇ ಕಿತ್ತುಕೊಳ್ಳುತ್ತದೆ. ದುಂಡನೆಯ ಕುಕಿಗೆ ಈ ತಾಪತ್ರಯವಿಲ್ಲ, ಅದರ ಅಂಚು ಸುತ್ತಲೂ ಸಮನಾಗಿ ಕಂದಾಗುತ್ತದೆ. ಮೇಲಾಗಿ ಅಂಚೆಯಲ್ಲಿ ಮೊದಲು ಮುರಿಯುವುದೂ ತೊಟ್ಟೇ.

ಬಿಳಿಚಿದ ಮೈಯನ್ನು ಮುಚ್ಚಲು ಬರುವುದು ರಾಯಲ್ ಐಸಿಂಗ್: ಪುಡಿಸಕ್ಕರೆ, ಮೊಟ್ಟೆಯ ಬಿಳಿ ಅಥವಾ ಅದರ ಒಣಪುಡಿ, ನೀರು, ಬಣ್ಣ. ಮೊದಲು ಗಟ್ಟಿ ಐಸಿಂಗ್‌ನಿಂದ ಅಂಚಿಗೆ ಗೆರೆ ಎಳೆದು, ಒಳಗೆ ನೀರಾದದ್ದನ್ನು ತುಂಬುತ್ತಾರೆ. ಚಮಚದಿಂದ ಬಿದ್ದ ಎಳೆ ಬಟ್ಟಲಲ್ಲಿ ಎಷ್ಟು ಸೆಕೆಂಡಿಗೆ ಮಾಯವಾಗುತ್ತದೆ ಎಂದು ಎಣಿಸಿ ಅದರ ಹದ ನೋಡುವ ಪದ್ಧತಿ. ಅದು ಒದ್ದೆಯಿರುವಾಗಲೇ ಬೇರೆ ಬಣ್ಣದಲ್ಲಿ ನರಗಳನ್ನು ಎಳೆದು ಮುಳ್ಳಿನಿಂದ ಬದಿಗೆ ಸೆಳೆದರೆ ಕೆಂಪು ಹಳದಿಯೊಳಗೆ ನಯವಾಗಿ ಕರಗುತ್ತದೆ. ಈ ಕೈಚಳಕಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ನಾನದನ್ನು ಹೀಗಳೆಯುವುದಿಲ್ಲ. ನನ್ನ ತಕರಾರು ಆಮೇಲಿನದು. ಈ ಲೇಪ ಪೂರ್ತಿ ಒಣಗಲು ಒಂದು ರಾತ್ರಿಯಾದರೂ ಬೇಕು, ಅಷ್ಟೂ ಹೊತ್ತು ಕುಕಿ ಗಾಳಿಗೆ ಮೈಯೊಡ್ಡಿ ಹಳಸಲಾಗುತ್ತದೆ. ಕುಕಿಯಲ್ಲಿ ಬೆಣ್ಣೆ ಜಾಸ್ತಿಯಿದ್ದರೆ ಐಸಿಂಗ್‌ನ ಮೇಲೆ ಎಣ್ಣೆಕಲೆ ಏಳುತ್ತದೆ, ಅದಕ್ಕೆ ಬೆಣ್ಣೆಗೂ ಕತ್ತರಿ. ಕಡುಗೆಂಪು ಬೇಕೆಂದರೆ ಬಣ್ಣದ ಜೆಲ್ಲನ್ನು ಧಾರಾಳವಾಗಿ ಸುರಿಯಬೇಕು, ಸುರಿದಷ್ಟೂ ನಾಲಿಗೆಗೆ ಕಹಿ. ಕೊನೆಗೆ ಕಚ್ಚಿದವರಿಗೆ ಸಿಗುವುದು ಸುಣ್ಣದಂತೆ ಒಡೆಯುವ ಸಕ್ಕರೆಯ ಹಕ್ಕಳೆ, ಅದರಡಿಯಲ್ಲಿ ಸಪ್ಪೆ ಬಿಲ್ಲೆ.

ಇದರಲ್ಲಿ ಶರತ್ಕಾಲವಾದರೂ ಇದೆಯೇ? ಮರದ ಎಲೆಯಲ್ಲಿ ಹಸಿರು ಕರಗಿದಾಗ ಒಳಗೆ ಮೊದಲೇ ಇದ್ದ ಹಳದಿ ಕಾಣಿಸುತ್ತದೆ, ಕೆಂಪು ಮಾತ್ರ ಆ ದಿನಗಳಲ್ಲೇ ಹೊಸದಾಗಿ ಹುಟ್ಟುವುದು. ಹಾಗಾಗಿ ನಿಜವಾದ ಎಲೆಯಲ್ಲಿ ಎರಡು ಬಣ್ಣ ಒಂದಕ್ಕೊಂದು ಒಪ್ಪಂದವಿಲ್ಲದೆ ಹರಡಿರುತ್ತವೆ, ಕುಕಿಯ ಮೇಲೆ ಇರುವ ಶಿಸ್ತು ಅಲ್ಲಿಲ್ಲ. ಇನ್ನು ಮೇಪಲ್‌ನ ರುಚಿ. ಆ ರಸ ಇಳಿಯುವುದು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಚಳಿಗಾಲದ ಕೊನೆಯಲ್ಲಿ, ವಸಂತದ ಬಾಗಿಲಲ್ಲಿ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಎಲೆ ಕುಕಿಗೆ ಅಷ್ಟು ದುಬಾರಿಯ, ಅಷ್ಟು ನೀರಿನ ಪಾಕವನ್ನು ಹಾಕುವವರು ಕಡಿಮೆ, ಬಾಟಲಿಯ ಎಸೆನ್ಸ್ ಎರಡು ಹನಿ ಬೀಳುತ್ತದೆ. ಅಂಥ ಕೃತಕ ಮೇಪಲ್ ಎಸೆನ್ಸ್‌ಗೆ ಬಹುಕಾಲದಿಂದ ಆಸರೆ ಮೆಂತ್ಯದ ಸಾರ. ಮೆಂತ್ಯದ ಘಮಕ್ಕೆ ಕಾರಣವಾದ ಸೋಟೊಲಾನ್ ಮೇಪಲ್ ಪಾಕದಲ್ಲೂ ಇದೆ. ವಸಂತದ ರಸದ ಹೆಸರು, ಮೆಂತ್ಯದ ವಾಸನೆ, ಶರತ್ಕಾಲದ ಎಲೆಯ ಆಕಾರ!

ಈ ಪೆಟ್ಟಿಗೆಯನ್ನು ಬೈಯುವವರೂ ಇದ್ದಾರೆ, ಆದರೆ ಅವರು ಬೈಯಬೇಕಾದ್ದನ್ನು ಬಿಟ್ಟು ಬೇರೇನನ್ನೋ ಬೈಯುತ್ತಾರೆ. ಅವರೊಂದಿಗಿನ ನನ್ನ ಜಗಳ ಅಭಿಮಾನಿಗಳೊಂದಿಗಿನದಕ್ಕಿಂತ ಹಳೆಯದು. ಒಂದು ಬಣದ ದೂರು, ‘ಪಂಪ್ಕಿನ್ ಸ್ಪೈಸ್’ನಲ್ಲಿ ಪಂಪ್ಕಿನ್ನೇ ಇಲ್ಲ ಎಂಬುದು. 2003ರಲ್ಲಿ ಸ್ಟಾರ್‌ಬಕ್ಸ್ ಆ ಹೆಸರಿನ ಲಾಟೆ ತಂದಾಗಿನಿಂದ ಈ ಹಾಸ್ಯ ಸವೆದುಹೋಗಿದೆ, ಕಂಪನಿಯೂ ಮಣಿದು 2015ರಲ್ಲಿ ನಿಜವಾದ ಕುಂಬಳವನ್ನು ಸೇರಿಸಿತು. ಬೇಕಿತ್ತೇ? ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ, ಲವಂಗ, ಆಲ್‌ಸ್ಪೈಸ್ ಸೇರಿದ ಈ ಪುಡಿ ಕುಂಬಳದ ಪೈಗೆ ಹಾಕಲೆಂದು ಇರುವುದು. ಮೆಕಾರ್ಮಿಕ್ ಕಂಪನಿ 1934ರಲ್ಲಿ ಅದನ್ನು ಡಬ್ಬಿಯಲ್ಲಿ ಮಾರಲು ತೊಡಗಿತು. ಅದಕ್ಕೂ ಬಹಳ ಮೊದಲು, 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸ್‌ಳ ಅಡುಗೆಪುಸ್ತಕದಲ್ಲೇ ಕುಂಬಳದ ಜೊತೆ ಜಾಯಿಕಾಯಿ, ಜಾಪತ್ರೆ, ಶುಂಠಿ ಕೂಡಿವೆ. ವಾಂಗಿಬಾತ್ ಪುಡಿಯಲ್ಲಿ ಬದನೆಕಾಯಿ ಇಲ್ಲವೆಂದು ಯಾರಾದರೂ ಅಂಗಡಿಯವನ ಮೇಲೆ ಹರಿಹಾಯ್ದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಬಣ ಇದಕ್ಕಿಂತ ಜಾಣರದು. ಡಬ್ಬಿಯಲ್ಲಿ ಬರುವ ಕುಂಬಳದ ತಿರುಳು ನಿಜವಾದ ಪಂಪ್ಕಿನ್ ಅಲ್ಲ, ಯಾವುದೋ ಸ್ಕ್ವಾಶ್ ಎಂದು ಇವರು ವರ್ಷವರ್ಷವೂ ಗುಟ್ಟು ರಟ್ಟು ಮಾಡುತ್ತಾರೆ. ಇಲಿನಾಯ್‌ನ ಮಾರ್ಟನ್‌ನಲ್ಲಿ ಲಿಬ್ಬೀಸ್ ಕಂಪನಿ ಡಬ್ಬಿಗೆ ತುಂಬುವುದು ಡಿಕಿನ್ಸನ್ ಎಂಬ ತಳಿ, ಕುಕುರ್ಬಿಟಾ ಮಾಸ್ಕಾಟಾ ಪ್ರಭೇದದ್ದು, ನಿಜ. ಹ್ಯಾಲೋವೀನ್‌ಗೆ ಮುಖ ಕೊರೆಯುವ ಕಿತ್ತಳೆ ಕಾಯಿ ಪೆಪೋ ಪ್ರಭೇದದ್ದು, ಅದೂ ನಿಜ. ಹಾಗಿದ್ದರೆ ಮೋಸ ಎಲ್ಲಿ? ಕೊರೆಯುವ ಕಾಯಿ ನಾರುನಾರು, ನೀರುನೀರು. ಮಾಸ್ಕಾಟಾದ ತಿರುಳು ದಟ್ಟ, ಸಿಹಿ. ನಾವು ಪಲ್ಯಕ್ಕೆ ಹೆಚ್ಚುವ ಸಿಹಿಗುಂಬಳದ ಬಹುಪಾಲು ಈ ಮಾಸ್ಕಾಟಾವೇ, ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಚಂದನ್ ಕೂಡ. ಅದನ್ನು ಉಂಡು ಬೆಳೆದವರಿಗೆ ಈ ರಟ್ಟಾದ ಗುಟ್ಟಿನಿಂದ ನಷ್ಟವೇನೂ ಇಲ್ಲ. ಈ ವಿಮರ್ಶಕರು ಕಾಯಿಯ ಕುಲಗೋತ್ರ ವಿಚಾರಿಸುತ್ತ ಕುಳಿತು ಕುಕಿಯ ನಿಜವಾದ ದೋಷವನ್ನು ಕಾಣದೇ ಹೋದರು. ಕಾಯಿ ಯಾವ ತಳಿಯದಾದರೂ ಆ ತಿರುಳಿನಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರು. ಅದನ್ನು ಹಾಗೆಯೇ ಹಿಟ್ಟಿಗೆ ಬೆರೆಸಿದರೆ ಬೇಯುವುದು ಕುಕಿಯಲ್ಲ, ಚಪ್ಪಟೆ ಕೇಕು. ಬಟ್ಟೆಯಲ್ಲಿ ಹಿಂಡಿ, ಬಾಣಲೆಯಲ್ಲಿ ಬತ್ತಿಸಿ, ಮೊಟ್ಟೆಯ ಬಿಳಿಯನ್ನು ಬಿಟ್ಟು ಹಳದಿಯನ್ನಷ್ಟೇ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ. ಆ ಕಷ್ಟ ಪಡುವವರು ಎಷ್ಟು ಜನ?

ಮೆತ್ತಗಿರುವುದು ಅದರ ಸ್ವಂತ ಸಮಸ್ಯೆಯಾಗಿದ್ದರೆ ಸುಮ್ಮನಿರಬಹುದಿತ್ತು. ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಾಗ ಒದ್ದೆಯದರಿಂದ ಒಣಗಿದ್ದರ ಕಡೆಗೆ ತೇವ ಹರಿಯುತ್ತದೆ, ಎಲ್ಲವೂ ಒಂದೇ ಹದಕ್ಕೆ ಬರುವವರೆಗೆ ಅದು ನಿಲ್ಲುವುದಿಲ್ಲ. ಮರುದಿನಕ್ಕೆ ಗರಿಗರಿಯಾದದ್ದೆಲ್ಲ ಮೆತ್ತಗೆ, ಬೆಣ್ಣೆ ಕುಕಿಗೂ ಲವಂಗದ ವಾಸನೆ. ಬಗೆಬಗೆಯವನ್ನು ಕೂಡಿಸುವುದೇ ಈ ಉಡುಗೊರೆಯ ಹೆಮ್ಮೆ, ಅದರ ವೈರಿಯೂ ಆ ಕೂಡಿಕೆಯೇ. ಜರ್ಮನಿಯವರು ಕ್ರಿಸ್‌ಮಸ್‌ಗೆ ವಾರಗಳ ಮುಂಚೆ ಬೇಯಿಸಿ, ಒಂದೊಂದು ಬಗೆಯನ್ನು ಒಂದೊಂದು ತಗಡಿನ ಡಬ್ಬಿಯಲ್ಲಿಟ್ಟು, ಕೊಡುವ ದಿನವಷ್ಟೇ ತಟ್ಟೆಯಲ್ಲಿ ಕೂಡಿಸುತ್ತಾರೆ. ಲೆಬ್‌ಕುಖನ್ ಎಂಬ ಮಸಾಲೆ ಕುಕಿ ಗಟ್ಟಿಯಾದರೆ ಮೆತ್ತಗಾಗಲಿ ಎಂದು ಅದರ ಡಬ್ಬಿಗೆ ಸೇಬಿನ ಹೋಳು ಹಾಕುವುದುಂಟು, ಅಂದರೆ ತೇವದ ಓಡಾಟವನ್ನೇ ಕೆಲಸಕ್ಕೆ ಹಚ್ಚಿಕೊಂಡರು. ಅದರಲ್ಲೇ ಮೇಲು ದರ್ಜೆಯ ಎಲೀಸನ್ ಲೆಬ್‌ಕುಖನ್ ಎನ್ನಿಸಿಕೊಳ್ಳಲು ಬಾದಾಮಿ, ಹ್ಯಾಝಲ್‌ನಟ್ ಅಥವಾ ಅಕ್ರೋಟು ಶೇಕಡ 25ಕ್ಕೆ ಕಡಿಮೆಯಿರಬಾರದು, ಹಿಟ್ಟು ಶೇಕಡ 10 ದಾಟಬಾರದು. ಅಲ್ಲಿ ನಿಯಮ ಇರುವುದು ಒಳಗೇನಿದೆ ಎಂಬುದಕ್ಕೆ.

ಅಮೆರಿಕಕ್ಕೂ ಅಂಥ ಪರಂಪರೆ ಇರಲಿಲ್ಲವೆಂದಲ್ಲ. ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್‌ನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ, ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಜೋಸೆಫ್ ಬ್ರೌನ್ ಮತ್ತು ಅವನ ಹೆಂಡತಿ ಲುಕ್ರೀಷಿಯಾ ನಡೆಸುತ್ತಿದ್ದ ಪಡಖಾನೆಯ ನಂಟಿನಿಂದ ಹೆಸರಾದ ಜೋ ಫ್ರಾಗರ್ ಎಂಬ ಕುಕಿ ಅಂಥದು. ಕಾಕಂಬಿ, ರಮ್, ಶುಂಠಿ, ಹಾಲಿಲ್ಲ, ಮೊಟ್ಟೆಯಿಲ್ಲ. ಕೆಡುವುದಿಲ್ಲವೆಂದು ಮೀನುಗಾರರು ಇದನ್ನು ಸಮುದ್ರಕ್ಕೆ ಒಯ್ಯುತ್ತಿದ್ದರಂತೆ. ಪೆಟ್ಟಿಗೆಯ ಮೂಲೆಯ ಕಂದು ಕುಕಿ ಇದರದೇ ಬಳಗ. ಕಾಕಂಬಿಯ ಹುಳಿ ಸೋಡಾವನ್ನು ಎಬ್ಬಿಸುತ್ತದೆ, ಸೋಡಾ ಬಣ್ಣವನ್ನು ಗಾಢವಾಗಿಸಿ ಮೈಯನ್ನು ಬಿರಿಸುತ್ತದೆ. ಕಾಕಂಬಿಯ ಗ್ಲೂಕೋಸ್, ಫ್ರಕ್ಟೋಸ್‌ಗಳು ತೇವ ಹಿಡಿದಿಟ್ಟು ದಿನಗಟ್ಟಲೆ ಒಣಗಲು ಬಿಡುವುದಿಲ್ಲ. ಒಣಶುಂಠಿಯ ಖಾರವೂ ಲವಂಗವೂ ಎರಡನೆಯ ದಿನಕ್ಕೆ ಹೊಂದಿಕೊಳ್ಳುತ್ತವೆ. ಅಂಚೆಯಲ್ಲಿ ಹೋಗುವ ಉಡುಗೊರೆಗೆ ಇದಕ್ಕಿಂತ ಇನ್ನೇನು ಬೇಕು? ಆದರೂ ಛಾಯಾಚಿತ್ರದಲ್ಲಿ ಅದು ಕಾಣುವುದಿಲ್ಲ. ಅದರ ಅಪರಾಧ ಅಷ್ಟೇ.

ಈ ವರ್ಷ ಪೆಟ್ಟಿಗೆ ಕಟ್ಟುವವರು ಕುಂಬಳದ ಕುಕಿಯನ್ನು ಅದರಲ್ಲಿ ಸೇರಿಸಬೇಡಿ, ಮನೆಗೆ ಬಂದವರಿಗೆ ಬಿಸಿಯಿರುವಾಗಲೇ ಕೊಡಿ. ಎಲೆ ಬೇಕೇಬೇಕೆಂದರೆ ಮಕ್ಕಳಿಗೆಂದು ಒಂದನ್ನು ಬೇರೆ ಕಾಗದದಲ್ಲಿ ಸುತ್ತಿಡಿ. ಉಳಿದ ಜಾಗವನ್ನೆಲ್ಲ ಶುಂಠಿಯ ಕುಕಿಗೆ ಬಿಡಿ.