ಜ್ವಾಲೆಯ ಮುಂದಿನ ಉಸಿರು

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಾಗಲಿ, ಥಾಣೆ–ಬೇಲಾಪುರ ರಸ್ತೆಯಲ್ಲಾಗಲಿ, ರಾಸಾಯನಿಕ ಕಾರ್ಖಾನೆಯ ಲ್ಯಾಬ್ ಎಂದರೆ ಫ್ಲಾಸ್ಕು, ಕಂಡೆನ್ಸರ್, ಬ್ಯೂರೆಟ್‌ಗಳ ಸಾಲು. ಇವುಗಳಲ್ಲಿ ತೊಡಕಿನ ಉಪಕರಣಗಳು ಇಂದಿಗೂ ಗ್ಲಾಸ್ ಬ್ಲೋವರ್‌ನ ಕೈಯಿಂದಲೇ ರೂಪ ಪಡೆಯುತ್ತವೆ.

ಸಾಕ್ಸ್‌ಲೆಟ್ ಉಪಕರಣವನ್ನೇ ನೋಡಿ. ಹಾಲಿನ ಕೊಬ್ಬನ್ನು ಅಳೆಯಲು ಫ್ರಾಂಜ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ರೂಪಿಸಿದ್ದು ಇದು. ದಪ್ಪ ಕೊಳವೆಯ ಪಕ್ಕಕ್ಕೆ ಪೆನ್ಸಿಲಿಗಿಂತ ಸಣ್ಣ ಸೈಫನ್ ನಳಿಕೆಯನ್ನು ಬೆಸೆಯಬೇಕು. ಬೊರೊಸಿಲಿಕೇಟ್ ಗಾಜು ಮೆತ್ತಗಾಗುವುದೇ ಸುಮಾರು 820 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಮ್ಲಜನಕ ಬೆರೆತ ಜ್ವಾಲೆಯಲ್ಲಿ ಎರಡೂ ಕೈಗಳು ಕೊಳವೆಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಒಂದು ಕೈ ಹಿಂದೆ ಬಿದ್ದರೂ ಗಾಜು ತಿರುಚಿಕೊಳ್ಳುತ್ತದೆ. ಬಾಯಲ್ಲಿ ಕಚ್ಚಿದ ರಬ್ಬರ್ ನಳಿಕೆಯಿಂದ ಹದವಾಗಿ ಊದಿದಾಗ ಬೆಸುಗೆಯ ಅಂಚು ಸಮನಾಗುತ್ತದೆ. ಸೋಡಿಯಂನ ಹಳದಿ ಬೆಳಕು ಕಣ್ಣು ಕುಕ್ಕದಿರಲು ಡಿಡಿಮಿಯಂ ಕನ್ನಡಕ. ಕೊನೆಗೆ ಕುಲುಮೆಯಲ್ಲಿಟ್ಟು ನಿಧಾನವಾಗಿ ತಣಿಸದಿದ್ದರೆ, ಒಳಗಿನ ಒತ್ತಡದಿಂದ ಮುಂದೊಂದು ದಿನ ಬಿರುಕು ಖಂಡಿತ.

ಎಂಥ ಕೈಚಳಕ!

ಹಿಂದೆ ರಸಾಯನಶಾಸ್ತ್ರಜ್ಞರೇ ಇದನ್ನು ಕಲಿಯುತ್ತಿದ್ದರು. ಸ್ವೀಡನ್ನಿನ ಬರ್ಜೀಲಿಯಸ್ ಗಾಜು ಊದುವುದನ್ನು ಕಲಿತು ತನ್ನ ಉಪಕರಣಗಳನ್ನು ತಾನೇ ಮಾಡಿಕೊಂಡ. ಖನಿಜ ಪರೀಕ್ಷೆಗೆ ಜ್ವಾಲೆಯನ್ನು ಮೊನೆಯಾಗಿಸುವ ಊದುಗೊಳವೆಯೂ ಆ ನಾಡಿನಲ್ಲೇ ಪಳಗಿದ್ದು. 1751ರಲ್ಲಿ ನಿಕಲ್ ಕಂಡುಹಿಡಿದ ಕ್ರಾನ್‌ಸ್ಟೆಡ್ ಅದರಲ್ಲಿ ನಿಪುಣ. ಬರ್ಜೀಲಿಯಸ್ ಅದರ ಬಳಕೆಯ ಬಗ್ಗೆ ಪುಸ್ತಕವನ್ನೇ ಬರೆದ.

ಸಾದಾ ಬೀಕರುಗಳನ್ನು ಈಗ ಯಂತ್ರಗಳು ರಾಶಿಗಟ್ಟಲೆ ಹೊರತರುತ್ತವೆ. ಆದರೆ ಒಡೆದ ಸೈಫನ್ ಮತ್ತೆ ಬೆಸೆಯಬೇಕೆಂದರೆ, ಲ್ಯಾಬಿನವರು ಹುಡುಕಿಕೊಂಡು ಹೋಗುವುದು ಈ ಕಸುಬುದಾರರನ್ನೇ.