ಎನ್‌ಜಿಇಎಫ್ ನೆಲ: ಮೊದಲು ಮಣ್ಣು, ಆಮೇಲೆ ಮಹಡಿ

ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹಳೇ ಮದರಾಸು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿರುವ ಓದುಗರಿಗೆ ‘ಎನ್‌ಜಿಇಎಫ್’ ಎಂಬ ನಿಲ್ದಾಣದ ಹೆಸರು ಪರಿಚಿತ. ಆ ಹೆಸರಿನ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿವೆ. ಆದರೂ ನಿಲ್ದಾಣದ ಹೆಸರು ಉಳಿದಿದೆ, ಕಾಂಪೌಂಡಿನ ಒಳಗೆ ನೆಲವೂ ಉಳಿದಿದೆ. ನಗರದ ಪೂರ್ವ ಭಾಗದಲ್ಲಿ ಸರ್ಕಾರದ ಕೈಯಲ್ಲಿ ಇಷ್ಟು ದೊಡ್ಡ ತುಂಡು ಬೇರೆ ಸಿಗುವುದು ಕಷ್ಟ. ಹಾಗಾಗಿ ಅದನ್ನು ಏನು ಮಾಡಬೇಕೆಂಬ ಚರ್ಚೆ ಜೋರಾಗಿದೆ. ಆ ಚರ್ಚೆಯಲ್ಲಿ ಒಂದು ಪ್ರಶ್ನೆ ಹಿಂದೆ ಬಿದ್ದಿದೆ. ಮೇಲೆ ಏನು ಕಟ್ಟಬೇಕು ಎಂದು ಎಲ್ಲರೂ ಕೇಳುತ್ತಾರೆ. ಕೆಳಗೆ ಏನಿದೆ ಎಂದು ಕೇಳುವವರು ಕಡಿಮೆ. ಈ ಲೇಖನದ ವಿಮರ್ಶೆ ಅದರ ಕುರಿತು.

ನೆಲದ ಇತಿಹಾಸ

ಎನ್‌ಜಿಇಎಫ್ ಸ್ಥಾಪನೆಯಾದದ್ದು 1956ರಲ್ಲಿ. ಅಂದಿನ ಮೈಸೂರು ಸರ್ಕಾರ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಆರಂಭಿಸಿದ ಈ ಉದ್ಯಮ ಟ್ರಾನ್ಸ್‌ಫಾರ್ಮರ್, ಮೋಟಾರು, ಸ್ವಿಚ್‌ಗೇರ್ ಮುಂತಾದ ಭಾರಿ ವಿದ್ಯುತ್ ಉಪಕರಣಗಳನ್ನು ತಯಾರಿಸಿತು. 1948ರಲ್ಲಿ ದೂರವಾಣಿನಗರದಲ್ಲಿ ಆರಂಭವಾದ ಐಟಿಐಯ ಜೊತೆಗೆ ಇದೂ ಸೇರಿ ಹಳೇ ಮದರಾಸು ರಸ್ತೆಗೆ ಕಾರ್ಖಾನೆಗಳ ರಸ್ತೆ ಎಂಬ ಗುರುತು ಬಂತು. 2002ರಲ್ಲಿ ಎನ್‌ಜಿಇಎಫ್ ಬಾಗಿಲು ಮುಚ್ಚಿತು. ಅದರ ಆಸ್ತಿ ಮಾರಾಟದ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2005ರಲ್ಲಿ ತೀರ್ಪಾಯಿತು. ನೆಲದ ಒಂದು ಭಾಗದಲ್ಲಿ ಮೆಟ್ರೋ ಡಿಪೋ ಬಂತು. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೋ ರೈಲು ಓಡಿದ್ದು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ. 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ರೈಲ್ವೆ ಟರ್ಮಿನಲ್ ತೆರೆಯಿತು. 2023ರಲ್ಲಿ ಮೆಟ್ರೋ ವೈಟ್‌ಫೀಲ್ಡ್‌ವರೆಗೂ ಜೋಡಣೆಯಾಯಿತು. ಹೀಗೆ ಪಾಳು ಬಿದ್ದಿದ್ದ ನೆಲ ನೋಡನೋಡುತ್ತಿದ್ದಂತೆ ಬಂಗಾರದ ಬೆಲೆಯ ನೆಲವಾಯಿತು.

ಉಳಿದಿರುವ ನೂರು ಎಕರೆಗೂ ಮಿಕ್ಕ ಈ ಜಾಗದಲ್ಲಿ ಸುಮಾರು 65 ಎಕರೆಯನ್ನು ಮರಗಳ ಉದ್ಯಾನವಾಗಿ ಮಾಡುವುದು, ಹಳೆಯ ಶೆಡ್ಡುಗಳನ್ನು ಕೆಡವದೆ ಬೇರೆ ಬಳಕೆಗೆ ತರುವುದು, ಮಿಕ್ಕ ಭಾಗವನ್ನು ಇತರ ಚಟುವಟಿಕೆಗಳಿಗೆ ಬಳಸುವುದು ಇತ್ತೀಚಿನ ವರ್ಷಗಳಲ್ಲಿ ಕೈಗಾರಿಕಾ ಇಲಾಖೆಯ ಕಡೆಯಿಂದ ಕೇಳಿಬಂದಿರುವ ಆಲೋಚನೆ. ಇಡೀ ನೆಲವನ್ನು ಹರಾಜಿಗೆ ಇಡುವುದಕ್ಕಿಂತ ಇದು ಎಷ್ಟೋ ಮೇಲು. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗೋಣ. ನಮ್ಮ ಆಕ್ಷೇಪ ಉದ್ದೇಶದ ಬಗ್ಗೆ ಅಲ್ಲ, ಕೆಲಸದ ಕ್ರಮದ ಬಗ್ಗೆ.

‘ಮಿಶ್ರ ಬಳಕೆ’ ಎಂದರೇನು?

ವಾಸ, ಕಚೇರಿ, ಅಂಗಡಿ, ಉದ್ಯಾನ, ಸಣ್ಣ ಕೈಗಾರಿಕೆ ಇವು ಒಂದೇ ಪ್ರದೇಶದಲ್ಲಿ ಕೂಡಿರುವುದನ್ನು ನಗರ ಯೋಜಕರು ಮಿಶ್ರ ಬಳಕೆ ಎನ್ನುತ್ತಾರೆ. ಇದು ನಮಗೆ ಹೊಸದೇನಲ್ಲ. ಶಿವಾಜಿನಗರಕ್ಕೆ ಹೋಗಿ ನೋಡಿ. 1927ರ ರಸೆಲ್ ಮಾರುಕಟ್ಟೆಯ ಸುತ್ತ ಅಂಗಡಿಯ ಮೇಲೆ ಮನೆ, ಮನೆಯ ಪಕ್ಕ ಗುಜರಿ, ಗುಜರಿಯ ಹಿಂದೆ ರಿಪೇರಿ ಅಂಗಡಿ. ಯಾರೂ ನಕ್ಷೆ ಬರೆದು ಮಾಡಿದ್ದಲ್ಲ ಅದು; ಕಾಲಕ್ರಮದಲ್ಲಿ ತಾನಾಗಿ ಕೂಡಿಕೊಂಡದ್ದು. ಮುಚ್ಚಿದ ಕಾರ್ಖಾನೆಯ ನೆಲ ಹಾಗಲ್ಲ. ಅಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ, ಒಂದೇ ನಕ್ಷೆಯಲ್ಲಿ ತೀರ್ಮಾನಿಸಬೇಕು. ಆದ್ದರಿಂದ ಯಾವುದು ಎಲ್ಲಿರಬೇಕು ಎಂಬುದಕ್ಕೆ ಗಟ್ಟಿಯಾದ ಆಧಾರ ಬೇಕು.

ಸದ್ಯ ಬಳಕೆಯಲ್ಲಿರುವ ಆಧಾರ ಎರಡು. ಒಂದು, ಮೆಟ್ರೋ ನಿಲ್ದಾಣಕ್ಕೆ ಎಷ್ಟು ಹತ್ತಿರ ಎಂಬುದು. ಇನ್ನೊಂದು, ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ, ಅಂದರೆ ಎಫ್‌ಎಆರ್. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ 2007ರಲ್ಲಿ ಅಂಗೀಕಾರವಾಯಿತು. ಅದರಲ್ಲಿ ಮೆಟ್ರೋ ನಿಲ್ದಾಣದ 150 ಮೀಟರ್ ಒಳಗೆ 4ರವರೆಗೆ ಎಫ್‌ಎಆರ್‌ಗೆ ಅವಕಾಶ ನೀಡಲಾಗಿತ್ತು. ನಿಲ್ದಾಣದ ಬಳಿ ಹೆಚ್ಚು ಜನ ಇದ್ದರೆ ರಸ್ತೆಯ ಮೇಲೆ ವಾಹನ ಕಡಿಮೆಯಾಗುತ್ತದೆ ಎಂಬ ತರ್ಕ ಸರಿಯೇ. ಆದರೆ ಹಳೆಯ ಕಾರ್ಖಾನೆಯ ನೆಲಕ್ಕೆ ಮೂರನೆಯ ಆಧಾರವೊಂದು ಬೇಕು. ಅದೇ ಮಣ್ಣು.

ಟ್ರಾನ್ಸ್‌ಫಾರ್ಮರ್ ಕಾರ್ಖಾನೆ ಏನು ಬಿಟ್ಟುಹೋಗಬಹುದು?

ಎನ್‌ಜಿಇಎಫ್ ನೆಲ ವಿಷಮಯವಾಗಿದೆ ಎಂದು ಈ ಲೇಖನ ಹೇಳುತ್ತಿಲ್ಲ. ಈ ಬಗೆಯ ಕಾರ್ಖಾನೆಯ ನೆಲದಲ್ಲಿ ಜಗತ್ತಿನ ಯಾವ ಎಂಜಿನಿಯರಾದರೂ ಮೊದಲು ಹುಡುಕುವುದು ಏನನ್ನು ಎಂಬುದನ್ನಷ್ಟೇ ಹೇಳುತ್ತಿದೆ.

ಮೊದಲನೆಯದು ಎಣ್ಣೆ. ಟ್ರಾನ್ಸ್‌ಫಾರ್ಮರ್ ಒಳಗಿನ ಸುರುಳಿಗಳನ್ನು ತಂಪಾಗಿಡಲು, ವಿದ್ಯುತ್ ಸೋರದಂತೆ ತಡೆಯಲು ಖನಿಜ ಎಣ್ಣೆ ತುಂಬುತ್ತಾರೆ. ತುಂಬುವ ಜಾಗ, ಸಂಗ್ರಹಿಸುವ ತೊಟ್ಟಿ, ಪರೀಕ್ಷೆ ಮಾಡುವ ಅಂಕಣ ಇಲ್ಲೆಲ್ಲ ದಶಕಗಳ ಕಾಲ ಹನಿಹನಿಯಾಗಿ ಸೋರಿಕೆಯಾಗುವುದು ಸಾಮಾನ್ಯ. ಇದನ್ನು ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನವಾಗಿ ಒಡೆಯಬಲ್ಲವು.

ಎರಡನೆಯದು ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಅಂದರೆ ಪಿಸಿಬಿ. ಬೆಂಕಿ ಹಿಡಿಯದ ಗುಣದಿಂದಾಗಿ ಇದನ್ನು ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳಲ್ಲಿ ಬಳಸಿದರು. ಇದು ಸುಲಭವಾಗಿ ಒಡೆಯುವುದಿಲ್ಲ, ಮಣ್ಣಿಗೆ ಅಂಟಿಕೊಳ್ಳುತ್ತದೆ, ಪ್ರಾಣಿಗಳ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. 2001ರ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಯಲ್ಲಿ ಇದೂ ಒಂದು. ಭಾರತ 2006ರಲ್ಲಿ ಒಪ್ಪಂದವನ್ನು ಅನುಮೋದಿಸಿತು. 2016ರ ಕೇಂದ್ರ ಆದೇಶ ಇದರ ತಯಾರಿಕೆ ಮತ್ತು ಆಮದನ್ನು ನಿಷೇಧಿಸಿ, ಬಳಕೆಯನ್ನು 2025ರ ಡಿಸೆಂಬರ್ 31ರೊಳಗೆ ನಿಲ್ಲಿಸಬೇಕೆಂದು ಗಡುವು ಹಾಕಿತು. ದೇಶದ ಪಿಸಿಬಿ ನಿರ್ವಹಣಾ ಯೋಜನೆಯ ತಾಂತ್ರಿಕ ಹೊಣೆ ಹೊತ್ತದ್ದು ನಮ್ಮ ಬೆಂಗಳೂರಿನದೇ ಆದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ. ಪರೀಕ್ಷೆಯ ಅನುಭವಕ್ಕಾಗಿ ದೂರ ಹೋಗಬೇಕಿಲ್ಲ.

ಮೂರನೆಯದು ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ಕ್ಲೋರಿನ್‌ಯುಕ್ತ ದ್ರಾವಕಗಳು. ಇವು ನೀರಿಗಿಂತ ಭಾರ. ಆದ್ದರಿಂದ ಅಂತರ್ಜಲದ ಮೇಲೆ ತೇಲದೆ ಅದರ ಕೆಳಗೆ ಇಳಿಯುತ್ತವೆ. ಬೆಂಗಳೂರಿನ ಅಡಿಯಲ್ಲಿರುವುದು ಬಿರುಕುಬಿಟ್ಟ ನೈಸ್ ಶಿಲೆ. ಬಿರುಕಿಗೆ ಇಳಿದ ದ್ರಾವಕ ಎತ್ತ ಹೋಗುತ್ತದೆ ಎಂದು ಹೇಳುವುದು ಸುಲಭವಲ್ಲ. ಹತ್ತಿರದಲ್ಲೇ ಬೆನ್ನಿಗಾನಹಳ್ಳಿ ಕೆರೆ ಇದೆ, ಸುತ್ತಲ ಬಡಾವಣೆಗಳಲ್ಲಿ ಕೊಳವೆಬಾವಿಗಳಿವೆ ಎಂಬುದನ್ನು ನೆನಪಿಡಿ.

ಒಳ್ಳೆಯ ಕೆಲಸವೂ ಕೆಡಕು ಮಾಡಬಹುದು

ಮಣ್ಣಿನ ವರದಿ ಇಲ್ಲದೆ ನಕ್ಷೆ ಬರೆದರೆ ಏನಾಗಬಹುದು? ಮೂರು ಉದಾಹರಣೆ ನೋಡಿ.

ಎತ್ತರದ ಕಟ್ಟಡಕ್ಕೆ ಎರಡು ಮೂರು ಅಂತಸ್ತಿನ ನೆಲಮಾಳಿಗೆ ತೋಡುತ್ತಾರೆ. ಗುಂಡಿಗೆ ಬರುವ ನೀರನ್ನು ತಿಂಗಳುಗಟ್ಟಲೆ ಪಂಪಿನಿಂದ ಹೊರಹಾಕುತ್ತಾರೆ. ಆಗ ಸುತ್ತಲ ಅಂತರ್ಜಲ ಗುಂಡಿಯ ಕಡೆಗೆ ಹರಿಯತೊಡಗುತ್ತದೆ. ಒಂದು ಮೂಲೆಯಲ್ಲಿದ್ದ ಮಾಲಿನ್ಯ ಇನ್ನೊಂದು ಮೂಲೆಗೆ ಬರುತ್ತದೆ. ಮುಂದೆ ಅದರ ಆವಿ ನೆಲಮಾಳಿಗೆಯ ಗೋಡೆಯ ಬಿರುಕುಗಳಿಂದ ಒಳಗೆ ಸೇರಬಹುದು.

ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ? ರಾತ್ರಿ ಲಾರಿಯಲ್ಲಿ ತುಂಬಿ ಕೆರೆಯಂಗಳಕ್ಕೋ ಖಾಲಿ ನಿವೇಶನಕ್ಕೋ ಸುರಿಯುವುದನ್ನು ಬೆಂಗಳೂರಿಗರೆಲ್ಲ ಕಂಡಿದ್ದಾರೆ. ಕಲುಷಿತ ಮಣ್ಣು ಹಾಗೆ ಹೋದರೆ ಒಂದು ಜಾಗದ ಸಮಸ್ಯೆ ಹತ್ತು ಜಾಗದ ಸಮಸ್ಯೆಯಾಗುತ್ತದೆ.

ಮೂರನೆಯದು ಮಳೆನೀರಿನ ಇಂಗುಗುಂಡಿ. ಸ್ವಚ್ಛ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಕಲುಷಿತ ನೆಲದಲ್ಲಿ ಅದೇ ಗುಂಡಿ ಮೇಲಿನ ಕೊಳೆಯನ್ನು ತೊಳೆದು ಅಂತರ್ಜಲಕ್ಕೆ ಇಳಿಸುವ ಕೊಳವೆಯಾಗುತ್ತದೆ.

ಉದ್ಯಾನವಾದರೆ ಈ ತೊಂದರೆ ಇಲ್ಲ ಎಂದು ಕೆಲವರು ಭಾವಿಸಬಹುದು. ಅದೂ ಪೂರ್ತಿ ನಿಜವಲ್ಲ. ಕಚೇರಿಯ ಕಾಂಕ್ರೀಟ್ ನೆಲದ ಮೇಲೆ ಕುಳಿತವನಿಗೆ ಮಣ್ಣಿನ ಸಂಪರ್ಕವೇ ಇಲ್ಲ. ಉದ್ಯಾನದಲ್ಲಿ ಮಗು ಮಣ್ಣಿನಲ್ಲಿ ಆಡುತ್ತದೆ, ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಮುಚ್ಚಿದ ಅನಿಲ ಕಾರ್ಖಾನೆಯನ್ನು 1975ರಲ್ಲಿ ಗ್ಯಾಸ್ ವರ್ಕ್ಸ್ ಪಾರ್ಕ್ ಎಂಬ ಹೆಸರಿನಲ್ಲಿ ಉದ್ಯಾನವಾಗಿ ತೆರೆದರು. ಜಗತ್ತೇ ಮೆಚ್ಚಿದ ಆ ಉದ್ಯಾನವನ್ನು 1984ರಲ್ಲಿ ಮಣ್ಣಿನ ಪರೀಕ್ಷೆಯ ಕಾರಣದಿಂದ ಸ್ವಲ್ಪ ಕಾಲ ಮುಚ್ಚಬೇಕಾಯಿತು. ಮೊದಲೇ ಮಾಡಬೇಕಿದ್ದ ಪರೀಕ್ಷೆ ತಡವಾಗಿ ನಡೆಯಿತು.

ಇದಕ್ಕೆ ಪ್ರತಿಯಾಗಿ ಜರ್ಮನಿಯ ಡ್ಯೂಸ್‌ಬರ್ಗ್ ನೋಡಿ. 1985ರಲ್ಲಿ ನಿಂತ ಕಬ್ಬಿಣದ ಕುಲುಮೆಯ ಜಾಗವನ್ನು ಪೀಟರ್ ಲಾಟ್ಸ್ ಎಂಬ ಭೂದೃಶ್ಯ ವಿನ್ಯಾಸಕ ಉದ್ಯಾನವಾಗಿಸಿದ. 1994ರಲ್ಲಿ ಅದು ತೆರೆಯಿತು. ಅಲ್ಲಿ ಕುಲುಮೆಗಳನ್ನು ಕೆಡವಲಿಲ್ಲ. ಹೆಚ್ಚು ಕಲುಷಿತವಾದ ಮಣ್ಣನ್ನು ಹಳೆಯ ಬಂಕರುಗಳಲ್ಲಿ ತುಂಬಿ ಮುಚ್ಚಿದರು. ಕೊಳಚೆ ಹರಿಯುತ್ತಿದ್ದ ಕಾಲುವೆಯ ನೀರನ್ನು ಕೊಳವೆಗೆ ಇಳಿಸಿ, ಮೇಲೆ ಮಳೆನೀರು ಹರಿಯಲು ಬಿಟ್ಟರು. ಎಲ್ಲಿ ಜನ ಓಡಾಡಬಹುದು, ಎಲ್ಲಿ ಬೇಡ ಎಂಬುದನ್ನು ಹೇಳಿದ್ದು ಮಣ್ಣು. ವಿನ್ಯಾಸ ಅದನ್ನು ಅನುಸರಿಸಿತು.

ಕ್ರಮ ಹೇಗಿರಬೇಕು?

ಮೊದಲು ಕಾರ್ಖಾನೆಯ ಹಳೆಯ ನಕ್ಷೆಗಳನ್ನು ಹುಡುಕಿ, ಎಣ್ಣೆ ತೊಟ್ಟಿ, ವಾರ್ನಿಷ್ ಒಲೆ, ಲೇಪನದ ಅಂಕಣ ಎಲ್ಲಿದ್ದವು ಎಂದು ಗುರುತಿಸಬೇಕು. ಅಲ್ಲಿ ದುಡಿದ ನಿವೃತ್ತ ಕಾರ್ಮಿಕರು ಇನ್ನೂ ಇದ್ದಾರೆ. ಯಾವ ಮೂಲೆಯಲ್ಲಿ ಏನು ಸುರಿಯುತ್ತಿದ್ದರು ಎಂಬುದು ಯಾವ ಕಡತಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಮಾತನ್ನು ಈಗಲೇ ದಾಖಲಿಸದಿದ್ದರೆ ಮುಂದೆ ಸಿಗುವುದಿಲ್ಲ. ಆಮೇಲೆ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಅನುಮಾನವಿದ್ದಲ್ಲಿ ಹೆಚ್ಚು ಒತ್ತಾಗಿ, ಬೇರೆಬೇರೆ ಆಳದಿಂದ ಮಣ್ಣು ಮತ್ತು ನೀರಿನ ಮಾದರಿ ತೆಗೆಯಬೇಕು. ಮಾಲಿನ್ಯದ ಮೂಲ ಯಾವುದು, ಅದು ಸಾಗುವ ದಾರಿ ಯಾವುದು, ತಲುಪುವುದು ಯಾರನ್ನು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಬಳಕೆಯನ್ನು ಹಂಚಬೇಕು. ಸ್ವಚ್ಛವಾದ ಭಾಗದಲ್ಲಿ ಮನೆ ಮತ್ತು ಆಟದ ಬಯಲು, ಅಲ್ಪಸ್ವಲ್ಪ ದೋಷವಿರುವಲ್ಲಿ ನೆಲಮಾಳಿಗೆ ಇಲ್ಲದ ಕಚೇರಿ ಅಥವಾ ಕಾರ್ಯಾಗಾರ, ಹೆಚ್ಚು ಕೆಟ್ಟಲ್ಲಿ ಶುದ್ಧೀಕರಣ. ಎರಡು ದಶಕಗಳಲ್ಲಿ ತಾವಾಗಿ ಬೆಳೆದ ಮರಗಳಲ್ಲಿ ಯಾವುವನ್ನು ಉಳಿಸಬಹುದು ಎಂಬುದೂ ಆಗಲೇ ತಿಳಿಯುತ್ತದೆ.

2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿದೆ. ಅನುಮಾನಿತ ಜಾಗಗಳ ಪಟ್ಟಿ, ಪರೀಕ್ಷೆ, ಶುದ್ಧೀಕರಣ ಎಂಬ ಹಂತಗಳು ಅದರಲ್ಲಿವೆ. ಮಲಿನ ಮಾಡಿದವರೇ ವೆಚ್ಚ ಭರಿಸಬೇಕು ಎಂಬುದು ಅದರ ತತ್ವ. ಇಲ್ಲಿ ಕಾರ್ಖಾನೆ ಸರ್ಕಾರದ್ದೇ ಆಗಿತ್ತು. ಆದ್ದರಿಂದ ಮಾಲಿನ್ಯ ಕಂಡುಬಂದರೆ ಖರ್ಚು ಬೀಳುವುದು ನಿಮ್ಮ ನಮ್ಮ ತೆರಿಗೆಯ ಮೇಲೆ. ಅದನ್ನು ಯೋಜನೆಯ ಅಂದಾಜು ಪಟ್ಟಿಯಲ್ಲಿ ಮೊದಲೇ ಸೇರಿಸುವುದು ಪ್ರಾಮಾಣಿಕತೆ.

ಕೊನೆಗೆ ಮುಂಬಯಿಯ ಪಾಠವೊಂದಿದೆ. ಅಲ್ಲಿನ ಹತ್ತಿ ಗಿರಣಿಗಳ ನೆಲವನ್ನು ಸಾರ್ವಜನಿಕ ಬಯಲು, ಜನರ ವಸತಿ, ಮಾಲೀಕರು ಎಂದು ಮೂರು ಪಾಲು ಮಾಡುವ ನಿಯಮ 1991ರಲ್ಲಿ ಬಂತು. 2001ರ ತಿದ್ದುಪಡಿ ಖಾಲಿ ಇರುವ ನೆಲವನ್ನಷ್ಟೇ ಪಾಲಿಗೆ ಲೆಕ್ಕ ಹಿಡಿಯಿತು, ಕಟ್ಟಡ ನಿಂತಿದ್ದ ನೆಲವನ್ನು ಬಿಟ್ಟಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಜನರ ಪಾಲು ಕುಗ್ಗಿತು. ಎಕರೆಯ ಭರವಸೆ ಒಂದು ವಾಕ್ಯದ ತಿದ್ದುಪಡಿಯಿಂದ ಕರಗಬಹುದು. ಹೀಗಾಗಿ 65 ಎಕರೆ ಎಂಬ ಮಾತು ನಕ್ಷೆಯಲ್ಲಿ ಗಡಿಯ ಸಮೇತ, ಮಣ್ಣಿನ ವರದಿಯ ಸಮೇತ ದಾಖಲಾಗಬೇಕು.

ಓದುಗರೇ, ಈ ಯೋಜನೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದ ದಿನ ಚಿತ್ರದಲ್ಲಿನ ಕಾರಂಜಿ, ಕಾಲುದಾರಿಗಳನ್ನು ಅವಶ್ಯವಾಗಿ ನೋಡಿ. ಆಮೇಲೆ ಒಂದೇ ಒಂದು ಕಾಗದ ಕೇಳಿ: ಯಾವ ಚೌಕದಲ್ಲಿ, ಎಷ್ಟು ಆಳದಲ್ಲಿ, ಏನು ಸಿಕ್ಕಿತು? ಆ ಕಾಗದ ಮೇಜಿನ ಮೇಲೆ ಬಂದ ನಂತರ ಮಹಡಿಗಳ ಮಾತು ಆಡೋಣ.