ಹದಿನಾಲ್ಕು ತಿಂಗಳ ರಕ್ತ

ಒಂದೊಂದೇ ಜೀನನ್ನಲ್ಲ, ದೇಹದ ಅಣುಗಳ ಒಟ್ಟು ಸಂಬಂಧವನ್ನೇ ಓದುವುದು ಸಿಸ್ಟಮ್ಸ್ ಬಯಾಲಜಿ. ಇದರಿಂದ ಇನ್ನು ಒಬ್ಬೊಬ್ಬರಿಗೂ ಅವರವರದೇ ಚಿಕಿತ್ಸೆ ಅನ್ನೋವ್ರು ಸಾಮಾನ್ಯವಾಗಿ ಕೊಡುವ ಉದಾಹರಣೆ ಸ್ಟ್ಯಾನ್‌ಫರ್ಡಿನ ಮೈಕೆಲ್ ಸ್ನೈಡರ್. ಅವರು ತಮ್ಮದೇ ಜೀನೋಮ್ ಓದಿಸಿ, 14 ತಿಂಗಳು ಮತ್ತೆ ಮತ್ತೆ ರಕ್ತ ಕೊಟ್ಟು, ಅದರ ಆರ್‌ಎನ್‌ಎ, ಪ್ರೋಟೀನುಗಳನ್ನೆಲ್ಲ ಅಳೆಸಿದರು. ಜೀನೋಮು ಟೈಪ್ 2 ಡಯಾಬಿಟಿಸ್ ಅಪಾಯ ತೋರಿಸಿತ್ತು. ಒಂದು ವೈರಲ್ ಸೋಂಕಿನ ನಂತರ ಸಕ್ಕರೆ ಏರಿಯೇಬಿಟ್ಟಿತು. 2012ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಇದು ಪ್ರಕಟವಾಯ್ತು.

ನನ್ನ ತಕರಾರು ಇಲ್ಲೇ. ಕಾಯಿಲೆ ಖಚಿತವಾದದ್ದು ನಮ್ಮ ಬೀದಿ ಕೊನೆಯ ಲ್ಯಾಬಿನಲ್ಲೂ ಮಾಡುವ ಗ್ಲೂಕೋಸ್, ಎಚ್‌ಬಿಎ1ಸಿ ಪರೀಕ್ಷೆಗಳಿಂದ. ಸಕ್ಕರೆ ಇಳಿದದ್ದು ಊಟ ಬದಲಿಸಿ, ವ್ಯಾಯಾಮ ಮಾಡಿ, ಜೊತೆಗೆ ಒಂದಿಷ್ಟು ಆಸ್ಪಿರಿನ್ ನುಂಗಿ. ಇದರಲ್ಲಿ ಅವರೊಬ್ಬರಿಗೇ ಅಂತ ತಯಾರಾದ ಔಷಧಿ ಎಲ್ಲಿದೆ? ವೈರಸ್ಸೇ ಸಕ್ಕರೆ ಏರಿಸಿತು ಅಂತ ಒಬ್ಬರ ದೇಹದಿಂದ ಸಾಬೀತೂ ಆಗಲ್ಲ.

ಹಾಗಂತ ವ್ಯರ್ಥ ಅನ್ನಲಾರೆ. ಸೋಂಕು, ಸಕ್ಕರೆ ಎರಡೂ ಬೆನ್ನುಬೆನ್ನಿಗೆ ಬಂದದ್ದು ಕಂಡಿದ್ದು ಒಂದೇ ದೇಹವನ್ನು ಬಿಡದೆ ನೋಡಿದ್ದರಿಂದ. ಆದರೆ ಹಾಗೆ ನೋಡೋಕೆ ದುಡ್ಡು ಯಾರದು? ಇಂಥದೇ ಭರವಸೆ ಮಾರಲು ಹೊರಟ ಸಿಯಾಟಲ್‌ನ ಅರಿವೇಲ್ ಕಂಪನಿ 2019ರಲ್ಲಿ ಬಾಗಿಲು ಹಾಕಿತು. ಸೇವೆಯ ಖರ್ಚು ಗಿರಾಕಿ ಕೊಡೋದಕ್ಕಿಂತ ಹೆಚ್ಚಾಗಿತ್ತು.

ಸದ್ಯಕ್ಕೆ ನಮ್ಮಂಥವರಿಗೆ ದಕ್ಕುವುದು ಇಷ್ಟು: ರಿಪೋರ್ಟಿನಲ್ಲಿ ಅಚ್ಚಾಗಿರುವ 'ನಾರ್ಮಲ್' ಊರವರ ಲೆಕ್ಕ, ಹೋದ ವರ್ಷದ ನನ್ನ ಅಂಕಿ ನನ್ನ ಲೆಕ್ಕ. ಹಳೇ ರಿಪೋರ್ಟುಗಳನ್ನ ರದ್ದಿಗೆ ಹಾಕಬೇಡಿ, ಡಾಕ್ಟರ ಮುಂದೆ ಎಲ್ಲವನ್ನೂ ಒಟ್ಟಿಗೆ ಹರವಿಡಿ.